ಟವರ್ ಇಲ್ಲದ ಏರ್‌ಪೋರ್ಟ್: ಎದುರಿನ ವಿಮಾನ ಸಮಯಕ್ಕೆ ಕಾಣಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನಾನು ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಕಲಿಯುತ್ತಿದ್ದೇನೆ. ನಮ್ಮ ಏರ್‌ಪೋರ್ಟ್‌ಗೆ ಕಂಟ್ರೋಲ್ ಟವರ್ ಇಲ್ಲ. ಮೊನ್ನೆ ಸೆಸ್ನಾ 172ರಲ್ಲಿ ಒಬ್ಬನೇ ಎಡ ಸರ್ಕ್ಯೂಟ್ (ಇಳಿಯುವ ಮುಂಚೆ ಎಡಕ್ಕೆ ತಿರುಗುತ್ತಾ ರನ್‌ವೇ ಪಕ್ಕ ಹಾಕುವ ಆಯತದಂಥ ಸುತ್ತು) ಹಾರುತ್ತಿದ್ದೆ. ಡೌನ್‌ವಿಂಡ್‌ನಿಂದ (ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವ ಭಾಗ) ಬೇಸ್‌ಗೆ (ರನ್‌ವೇ ಗೆರೆಯತ್ತ ಅಡ್ಡಲಾಗಿ ಹಾರುವ ಭಾಗ) ತಿರುಗುವ ಹೊತ್ತಿಗೆ ಎರಡು ಎಂಜಿನ್‌ನ ವಿಮಾನವೊಂದು ಸರ್ಕ್ಯೂಟ್ ಹಾರದೆ ನೇರ ಫೈನಲ್‌ಗೆ (ರನ್‌ವೇ ನೇರಕ್ಕೆ ಇಳಿಯುವ ಕೊನೆಯ ಭಾಗ) ಬಂದುಬಿಟ್ಟಿತು. ಅವರು ರೇಡಿಯೊದಲ್ಲಿ ಏನೋ ಹೇಳಿದರು, ಎಲ್ಲಿದ್ದಾರೆ ಅಂತ ನನಗೆ ತಿಳಿಯಲಿಲ್ಲ. ಟ್ಯಾಬ್ಲೆಟ್ ಅವರನ್ನು ತೋರಿಸುತ್ತಿತ್ತು, ಆದರೆ ಕಣ್ಣಿಗೆ ಕಂಡಿದ್ದು ತುಂಬಾ ತಡವಾಗಿ. ಮೊದಲು ಇಳಿಯುವ ಹಕ್ಕು ಯಾರದು? ಟ್ಯಾಬ್ಲೆಟ್ ನಂಬಬಹುದಾ? ಇನ್ನೊಮ್ಮೆ ಹೀಗಾದರೆ ಏನು ಮಾಡಲಿ?

ಉತ್ತರ: ಹಕ್ಕಿನ ವಿಷಯ ಮೊದಲು ಮುಗಿಸಿಬಿಡೋಣ. ಅಮೆರಿಕದ ನಿಯಮ 91.113ರ ಪ್ರಕಾರ ಫೈನಲ್‌ನಲ್ಲಿರುವ ವಿಮಾನಕ್ಕೆ ಉಳಿದವರು ದಾರಿ ಬಿಡಬೇಕು. ಎರಡು ವಿಮಾನ ಒಟ್ಟಿಗೆ ಇಳಿಯಲು ಬರುತ್ತಿದ್ದರೆ ಕೆಳಗಿರುವವರಿಗೆ ಹಕ್ಕು. ಆದರೆ ಅದೇ ನೆಪ ಮಾಡಿಕೊಂಡು ಫೈನಲ್‌ನಲ್ಲಿರುವವರ ಮುಂದೆ ನುಗ್ಗುವಂತಿಲ್ಲ. ಇಷ್ಟೇ ನಿಯಮ. ಫೈನಲ್ ಎಷ್ಟು ಮೈಲಿಯಿಂದ ಶುರುವಾಗುತ್ತದೆ ಅಂತ ಅದು ಹೇಳುವುದಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಸಲಹಾ ಸುತ್ತೋಲೆ 90-66 ನೇರವಾಗಿ ಫೈನಲ್‌ಗೆ ಬರುವುದನ್ನು ತಡೆಯುವುದಿಲ್ಲ, ಆದರೆ ಸರ್ಕ್ಯೂಟ್‌ನಲ್ಲಿ ಇರುವವರಿಗೆ ಅಡ್ಡಿಯಾಗಬಾರದು ಅನ್ನುತ್ತದೆ. ಹಾಗಾಗಿ ಇಬ್ಬರ ಕಡೆಯೂ ವಾದ ಮಾಡಬಹುದು. ಆದರೆ ನಿಮಗೆ ಅವರು ಕಂಡಾಗ ಉಳಿದಿದ್ದ ಆ ಕೆಲವು ಸೆಕೆಂಡ್‌ಗಳಲ್ಲಿ ಆ ವಾದದಿಂದ ಏನೂ ಉಪಯೋಗವಿರಲಿಲ್ಲ, ಅಲ್ವಾ? ನಿಜವಾದ ಪ್ರಶ್ನೆ ಬೇರೆ. ಅವರು ಅಷ್ಟು ತಡವಾಗಿ ಯಾಕೆ ಕಂಡರು?

ಕಲಿಸುವವರು ಎಲ್ಲರೂ "ಹೊರಗೆ ನೋಡು, ಚೆನ್ನಾಗಿ ನೋಡು" ಅನ್ನುತ್ತಾರೆ. ತಪ್ಪಲ್ಲ. ಆದರೆ ಸುಮ್ನೆ ನೋಡಿದರೆ ಸಾಲದು. ಯಾಕೆ ಅಂತ ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತದೆ.

ಡಿಕ್ಕಿ ತಪ್ಪಿಸುವ ಬಗ್ಗೆ ಎಫ್‌ಎಎಯದೇ ಇನ್ನೊಂದು ಸುತ್ತೋಲೆ ಇದೆ, 90-48. ಅದರಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ. ವಸ್ತು ಕಣ್ಣಿಗೆ ಬೀಳಲು 0.1 ಸೆಕೆಂಡ್. ಅದು ವಿಮಾನ ಅಂತ ಗುರುತಿಸಲು 1 ಸೆಕೆಂಡ್. ಅದು ನಮ್ಮ ಮೇಲೇ ಬರುತ್ತಿದೆ ಅಂತ ಅರಿವಾಗಲು 5. ಯಾವ ಕಡೆ ತಿರುಗಬೇಕು ಅಂತ ತೀರ್ಮಾನಿಸಲು 4. ಕೈಕಾಲು ಆಡಲು 0.4. ವಿಮಾನ ನಿಜವಾಗಿ ತಿರುಗಲು 2. ಒಟ್ಟು 12.5 ಸೆಕೆಂಡ್. ಈಗ ಎರಡು ವಿಮಾನ ಎದುರುಬದುರು ತಲಾ 120 ನಾಟ್‌ನಲ್ಲಿ (ಗಂಟೆಗೆ 120 ನಾಟಿಕಲ್ ಮೈಲಿ) ಬರುತ್ತಿವೆ ಅಂದುಕೊಳ್ಳಿ. ಒಂದು ನಾಟಿಕಲ್ ಮೈಲಿ ಅಂತರ 15 ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಅಂದರೆ ಒಂದು ಮೈಲಿ ದೂರದಲ್ಲಿ ಇರುವಾಗಲೇ ನೀವು ಅದನ್ನು ಕಂಡಿರಬೇಕು. ಅಷ್ಟು ದೂರದಲ್ಲಿ 172ರ ಇಡೀ ರೆಕ್ಕೆ, 11 ಮೀಟರ್ ಉದ್ದದ್ದು, ಹುಣ್ಣಿಮೆ ಚಂದ್ರನ ಅಗಲದ ಮೂರರಲ್ಲಿ ಎರಡು ಭಾಗದಷ್ಟು ಕಾಣುತ್ತದೆ. ಅದೂ ಒಂದು ತೆಳು ಗೆರೆ, ನಡುವೆ ಒಂದು ಚುಕ್ಕೆ. ಹಿಂದೆ ಮಬ್ಬು ಇದ್ದರೆ, ಅಥವಾ ಕೆಳಗಿನ ಮನೆ ಮರಗಳ ಗೋಜಲು ಇದ್ದರೆ, ಅಷ್ಟೂ ಇಲ್ಲ.

ಇದಕ್ಕಿಂತ ಕೆಟ್ಟ ವಿಷಯ ಇನ್ನೊಂದಿದೆ. ನಮ್ಮ ಕಣ್ಣು ಅಲುಗಾಡುವುದನ್ನು ಬೇಗ ಹಿಡಿಯುತ್ತದೆ. ಆದರೆ ನಿಮಗೆ ಡಿಕ್ಕಿ ಹೊಡೆಯುವ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಅಲುಗಾಡುವುದೇ ಇಲ್ಲ. ಇಬ್ಬರೂ ತಮ್ಮ ತಮ್ಮ ವೇಗ, ದಿಕ್ಕು ಬದಲಿಸದೆ ಹೋಗುತ್ತಿದ್ದರೆ ಅದು ಗಾಜಿನ ಒಂದೇ ಜಾಗದಲ್ಲಿ ಅಂಟಿಕೊಂಡಂತೆ ನಿಂತಿರುತ್ತದೆ. ತುಂಬಾ ಹೊತ್ತು ಚುಕ್ಕೆಯಾಗಿಯೇ ಇದ್ದು, ಕೊನೆಯ ಕೆಲವೇ ಸೆಕೆಂಡ್‌ಗಳಲ್ಲಿ ದಿಢೀರ್ ಅಂತ ಉಬ್ಬುತ್ತದೆ. ಆ ಜಾಗದಲ್ಲಿ ಬಾಗಿಲ ಪಕ್ಕದ ಕಂಬ ಇದ್ದರೆ, ಅಥವಾ ಗಾಜಿನ ಮೇಲೆ ಸತ್ತ ಹುಳದ ಕಲೆ ಇದ್ದರೆ, ಅದರ ಹಿಂದೆ ಇಡೀ ವಿಮಾನ ಕೊನೆವರೆಗೂ ಅಡಗಿರಬಹುದು. ಆದ್ದರಿಂದ ಹಾರುವ ಮುಂಚೆ ಗಾಜು ಒರೆಸುವುದನ್ನು ಬೇಸರದ ಕೆಲಸ ಅಂದುಕೊಳ್ಳಬೇಡಿ. ಹಾರುವಾಗ ತಲೆಯನ್ನು ಒಂದಿಷ್ಟು ಹಿಂದೆ ಮುಂದೆ, ಅಕ್ಕಪಕ್ಕ ಸರಿಸುತ್ತಾ ಇರಿ. ಒಂದು ವಿಮಾನ ಕಂಡು, ಅದು ಗಾಜಿನ ಮೇಲೆ ಸರಿಯುತ್ತಿಲ್ಲ ಅಂದರೆ, ಕಾಯಬೇಡಿ, ನಿಮ್ಮ ದಾರಿ ಬದಲಿಸಿ.

ಮತ್ತೆ, ಕಣ್ಣು ಆಕಾಶದ ಉದ್ದಕ್ಕೂ ಜಾರಿಸಿಕೊಂಡು ಹೋದರೆ ಏನೂ ಕಾಣುವುದಿಲ್ಲ. ಕಣ್ಣು ಒಂದು ಕಡೆ ನಿಂತಾಗ ಮಾತ್ರ ಸಣ್ಣದನ್ನು ಗುರುತಿಸುತ್ತದೆ. ಅದಕ್ಕೇ 10 ಡಿಗ್ರಿಗಿಂತ ಜಾಸ್ತಿ ಅಲ್ಲದ ತುಂಡುಗಳಾಗಿ ನೋಡಿ, ಪ್ರತಿ ತುಂಡಿನಲ್ಲಿ ಕಡಿಮೆ ಅಂದರೂ ಒಂದು ಸೆಕೆಂಡ್ ನಿಲ್ಲಿ ಅಂತ ಎಫ್‌ಎಎ ಹೇಳುವುದು. ಬರೀ ನೀಲಿ ಆಕಾಶ ನೋಡುತ್ತಾ ಇದ್ದರೆ ಕಣ್ಣಿನ ಫೋಕಸ್ ತಾನಾಗಿಯೇ ಹತ್ತಿರಕ್ಕೆ ಬಂದುಬಿಡುತ್ತದೆ, ಮುಂದೆ ಕೆಲವೇ ಮೀಟರ್ ದೂರಕ್ಕೆ. ಆಗಾಗ ದೂರದ ಬೆಟ್ಟವನ್ನೋ ಮೋಡದ ಅಂಚನ್ನೋ ನೋಡಿ ಅದನ್ನು ಮತ್ತೆ ದೂರಕ್ಕೆ ಕಳಿಸಬೇಕು. ಸರಿ, ಇದನ್ನೆಲ್ಲ ಪಾಲಿಸಿ ಎಡದಿಂದ ಬಲಕ್ಕೆ 180 ಡಿಗ್ರಿ, ಮೇಲಿನಿಂದ ಕೆಳಕ್ಕೆ 30 ಡಿಗ್ರಿ ನೋಡಿದಿರಿ ಅಂದುಕೊಳ್ಳಿ. 54 ತುಂಡು, 54 ಸೆಕೆಂಡ್. ಒಂದು ಮೈಲಿ ದೂರದಿಂದ ನಿಮ್ಮ ಹತ್ತಿರ ಇರುವುದು ಹದಿನೈದು, ಅದರಲ್ಲಿ ಹನ್ನೆರಡೂವರೆ ತಪ್ಪಿಸಿಕೊಳ್ಳಲೇ ಬೇಕು.

ಅಂದಮೇಲೆ ಎಲ್ಲಿ ನೋಡಬೇಕು ಅಂತ ಗೊತ್ತಿಲ್ಲದ ಕಣ್ಣು ಈ ಲೆಕ್ಕದಲ್ಲಿ ಸೋಲುತ್ತದೆ. ಆಸ್ಟ್ರೇಲಿಯಾದ ವಿಮಾನ ಸುರಕ್ಷತಾ ತನಿಖಾ ಸಂಸ್ಥೆ 1991ರಲ್ಲಿ ಹೀಗೆ ಕಣ್ಣಿಂದ ನೋಡಿ ತಪ್ಪಿಸಿಕೊಳ್ಳುವುದರ ಮಿತಿಗಳ ಬಗ್ಗೆಯೇ ಒಂದು ವರದಿ ತಂದಿತು. ಅದರಲ್ಲಿ ನಾನು ಎಲ್ಲ ವಿದ್ಯಾರ್ಥಿಗಳಿಗೂ ಹೇಳುವ ಒಂದು ಮಾತಿದೆ. ವಿಮಾನ ಯಾವ ಕಡೆ ಇದೆ ಅಂತ ಮೊದಲೇ ತಿಳಿದು ಹುಡುಕುವುದು, ಸುಮ್ಮನೆ ಹುಡುಕುವುದಕ್ಕಿಂತ ಎಂಟು ಪಟ್ಟು ಫಲ ಕೊಡುತ್ತದೆ. ಎಂಟು ಪಟ್ಟು! ಟವರ್ ಇಲ್ಲದ ಕಡೆ ನಾವು ಮಾಡುವ ಪ್ರತಿಯೊಂದನ್ನೂ, ರೇಡಿಯೊ, ಎತ್ತರ, ಸರ್ಕ್ಯೂಟಿನ ಆಕಾರ, ವೇಗ, ದೀಪ, ಎಲ್ಲವನ್ನೂ ಒಂದೇ ಅಳತೆಯಿಂದ ನೋಡಿ. ಇದು ಇನ್ನೊಬ್ಬರಿಗೆ ನನ್ನನ್ನು ಎಲ್ಲಿ ಹುಡುಕಬೇಕು ಅಂತ ಹೇಳುತ್ತಿದೆಯಾ?

ರೇಡಿಯೊ ತಗೊಳ್ಳಿ. ನಿಮಗೆ ಅರ್ಥವಾಗದ ಆ ಮಾತು ಬಹುಶಃ ಇನ್‌ಸ್ಟ್ರುಮೆಂಟ್ ಅಪ್ರೋಚ್‌ನ (ಉಪಕರಣ ನೋಡಿಕೊಂಡು ಇಳಿಯಲು ಬರುವ ಗೊತ್ತಾದ ದಾರಿ) ಭಾಷೆ ಇರಬೇಕು. ಜಿಪಿಎಸ್ ಅಪ್ರೋಚ್‌ನ ಐದಕ್ಷರದ ಯಾವುದೋ ಬಿಂದುವಿನ ಹೆಸರು ಹೇಳಿ "ಇನ್‌ಬೌಂಡ್" ಅಂದಿರುತ್ತಾರೆ. ಹೇಳಿದವರಿಗೆ ಅದು ಸರಿಯಾದ ಜಾಗ. ಇನ್‌ಸ್ಟ್ರುಮೆಂಟ್ ಹಾರಾಟ ಇನ್ನೂ ಕಲಿಯದ ನಿಮಗೆ ಬರೀ ಶಬ್ದ. ಇದು ನಿಮ್ಮ ತಪ್ಪಲ್ಲ. ರನ್‌ವೇಯಿಂದ ಎಷ್ಟು ಮೈಲಿ, ಯಾವ ದಿಕ್ಕು, ಎಷ್ಟು ಎತ್ತರ, ಏನು ಮಾಡುತ್ತಾರೆ: ಇಷ್ಟು ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ನೀವೂ ಸುಮಾರು 10 ಮೈಲಿ ದೂರದಿಂದಲೇ ಹೇಳಲು ಶುರುಮಾಡಿ, ಮೊದಲು ಕೇಳಿಸಿಕೊಂಡು. ಅರ್ಥವಾಗದಿದ್ದರೆ ಸಂಕೋಚ ಬೇಡ, "ನೇರ ಫೈನಲ್‌ಗೆ ಬರುತ್ತಿರುವ ಎರಡು ಎಂಜಿನ್‌ನ ವಿಮಾನ, ಎಷ್ಟು ಮೈಲಿ ದೂರ ಇದ್ದೀರಿ?" ಅಂತ ಕೇಳಿಬಿಡಿ. ವಿದ್ಯಾರ್ಥಿ ಅನ್ನುವ ಹಿಂಜರಿಕೆಗೆ ಆ ಆವರ್ತನದಲ್ಲಿ ಜಾಗವಿಲ್ಲ. ಏರ್‌ಪೋರ್ಟ್ ಹೆಸರನ್ನು ಮಾತಿನ ಮೊದಲು ಮತ್ತು ಕೊನೆಗೆ, ಎರಡು ಸಲ ಹೇಳಿ. 122.8 ಥರದ ಒಂದೇ ಆವರ್ತನವನ್ನು ಅಕ್ಕಪಕ್ಕದ ಎಷ್ಟೋ ಏರ್‌ಪೋರ್ಟ್‌ಗಳು ಹಂಚಿಕೊಂಡಿರುತ್ತವೆ, ಇನ್ಯಾವುದೋ ಊರಿನ ಡೌನ್‌ವಿಂಡ್ ಕೇಳಿ ನೀವು ಇಲ್ಲಿ ಹುಡುಕುತ್ತಾ ಕೂರಬಾರದು. ಇನ್ನು "ಇಲ್ಲಿ ಯಾರಿದ್ದೀರಿ, ಎಲ್ಲರೂ ತಿಳಿಸಿ" ಅನ್ನುವ ಮಾತು ಬೇಡವೇ ಬೇಡ. ಎಫ್‌ಎಎ ಅದನ್ನು ಯಾವ ಸಂದರ್ಭದಲ್ಲೂ ಬಳಸಬೇಡಿ ಅನ್ನುತ್ತದೆ. ಅದನ್ನು ಕೇಳಿದ ಕೂಡಲೇ ನಾಲ್ಕು ಜನ ಒಟ್ಟಿಗೆ ಬಟನ್ ಒತ್ತುತ್ತಾರೆ, ಯಾರ ಮಾತೂ ಕೇಳುವುದಿಲ್ಲ.

ಆದರೆ ರೇಡಿಯೊ ಮೇಲೆ ಪೂರ್ತಿ ಭಾರ ಹಾಕಬೇಡಿ. 1996ರ ನವೆಂಬರ್ 19ರಂದು ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿ, ಅದೂ ಟವರ್ ಇಲ್ಲದ ಏರ್‌ಪೋರ್ಟ್, ಯುನೈಟೆಡ್ ಎಕ್ಸ್‌ಪ್ರೆಸ್‌ನ ಬೀಚ್ 1900 ಇಳಿಯಲು ಬರುತ್ತಿತ್ತು. ಅಡ್ಡ ಹಾಯುವ ಇನ್ನೊಂದು ರನ್‌ವೇ ತುದಿಯಲ್ಲಿ ಒಂದು ಕಿಂಗ್ ಏರ್, ಅದರ ಹಿಂದೆ ಒಂದು ಚಿಕ್ಕ ಪೈಪರ್ ಚೆರೋಕಿ ನಿಂತಿದ್ದವು. ಇಳಿಯುವವರು ಕಿಂಗ್ ಏರ್‌ಗೆ ಕೇಳಿದರು, ನೀವು ಅಲ್ಲೇ ನಿಲ್ಲುತ್ತೀರಾ ಅಂತ. ಉತ್ತರ ಕೊಟ್ಟಿದ್ದು ಚೆರೋಕಿಯ ಪೈಲಟ್. ಆ ಉತ್ತರದ ನಡುವೆಯೇ ಕಾಕ್‌ಪಿಟ್‌ನಲ್ಲಿ ನೆಲದ ಎತ್ತರ ಹೇಳುವ ಯಂತ್ರದ ದನಿ ಬಂದು ಒಂದಿಷ್ಟು ಮಾತು ಮುಚ್ಚಿಹೋಯಿತು. ಕಿಂಗ್ ಏರ್‌ನವರೇ ಹೇಳಿದರು ಅಂತ ಇವರು ನಂಬಿದರು. ಕಿಂಗ್ ಏರ್ ಟೇಕ್‌ಆಫ್‌ಗೆ ಹೊರಟಿತು. ರನ್‌ವೇಗಳು ಸೇರುವಲ್ಲಿ ಡಿಕ್ಕಿಯಾಗಿ 14 ಜನ ಸತ್ತರು. ಅದು ಗಾಳಿಯಲ್ಲಿ ಆದ ಡಿಕ್ಕಿಯಲ್ಲ, ಆದರೆ ಪಾಠ ನಮಗೂ ಅದೇ: ಉತ್ತರ ಬಂತು ಅಂದ ಮಾತ್ರಕ್ಕೆ ನೀವು ಕೇಳಿದವರಿಂದಲೇ ಬಂತು ಅಂತಲ್ಲ. ಮತ್ತೆ, ಇಂಥ ಬಹಳಷ್ಟು ಏರ್‌ಪೋರ್ಟ್‌ಗಳಲ್ಲಿ ರೇಡಿಯೊ ಇರಲೇಬೇಕು ಅಂತ ಕಾನೂನೇ ಇಲ್ಲ. ಹಳೆಯ ಪೈಪರ್ ಕಬ್ ಒಂದು ಒಂದು ಮಾತೂ ಆಡದೆ ನಿಮ್ಮ ಮುಂದೆಯೇ ಇಳಿಯಬಹುದು. ಅವರು ಮಾಡಿದ್ದು ತಪ್ಪೂ ಅಲ್ಲ.

ಅದಕ್ಕೇ ಸರ್ಕ್ಯೂಟಿನ ಆಕಾರ ರೇಡಿಯೊಗಿಂತ ಮುಖ್ಯ ಅಂತ ನಾನು ಹೇಳುವುದು. ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲ ತಿರುವೂ ಎಡಕ್ಕೆ, ನೆಲದಿಂದ 1,000 ಅಡಿ ಎತ್ತರ, ಡೌನ್‌ವಿಂಡ್‌ನ ಮಧ್ಯಕ್ಕೆ 45 ಡಿಗ್ರಿ ಕೋನದಲ್ಲಿ ಸೇರಿಕೊಳ್ಳುವುದು. ಹೀಗೆ ಬಂದರೆ ಬಾಯಿ ಬಿಡದವರೂ ಎಲ್ಲಿರುತ್ತಾರೆ ಅಂತ ಊಹಿಸಬಹುದು. ದೊಡ್ಡ ವಿಮಾನ ಮತ್ತು ಜೆಟ್‌ಗಳು 1,500 ಅಡಿಯಲ್ಲಿ ಇರುತ್ತವೆ, ಅದು ನೆನಪಿರಲಿ. ಏರ್‌ಪೋರ್ಟಿನ ಆಚೆ ಬದಿಯಿಂದ ಬರುತ್ತಿದ್ದರೆ ಸರ್ಕ್ಯೂಟ್‌ಗಿಂತ 500 ಅಡಿ ಮೇಲೆ ದಾಟಿ, ಚೆನ್ನಾಗಿ ಹೊರಗೆ ಹೋಗಿ, ಅಲ್ಲಿ ಇಳಿದು, ಆಮೇಲೆ ತಿರುಗಿ 45ಕ್ಕೆ ಬನ್ನಿ. 500 ಅಡಿ ಮೇಲೆ ದಾಟಿದ ತಕ್ಷಣ ಅಲ್ಲಿಂದಲೇ ಡೌನ್‌ವಿಂಡ್ ಮೇಲೆ ಇಳಿಯುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಯಾಕೆ ಅಂದರೆ ನಿಮ್ಮ 172ಕ್ಕೆ ರೆಕ್ಕೆ ತಲೆಯ ಮೇಲಿದೆ, ಮೇಲಿಂದ ಬರುವುದು ಕಾಣುವುದಿಲ್ಲ. ಪೈಪರ್ ಚೆರೋಕಿಗೆ ರೆಕ್ಕೆ ಕೆಳಗಿದೆ, ಕೆಳಗಿರುವುದು ಕಾಣುವುದಿಲ್ಲ. ಫೈನಲ್‌ನಲ್ಲಿ 172 ಕೆಳಗೆ, ಚೆರೋಕಿ ಅದರ ಮೇಲೆ ಸ್ವಲ್ಪ ವೇಗವಾಗಿ ಇಳಿಯುತ್ತಾ ಬಂದರೆ ಇಬ್ಬರೂ ಒಳ್ಳೆಯ ಪೈಲಟ್‌ಗಳಾಗಿದ್ದರೂ, ಇಬ್ಬರೂ ಕಣ್ಣುಬಿಟ್ಟು ನೋಡುತ್ತಿದ್ದರೂ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಸರ್ಕ್ಯೂಟ್‌ಗೆ ಬರುವ ಮುಂಚೆಯೇ ಅದರ ಎತ್ತರಕ್ಕೆ ಇಳಿದು ಮಟ್ಟವಾಗಿ ಹಾರಿ ಅನ್ನುವುದಕ್ಕೆ ಇದೇ ಕಾರಣ.

ಈಗ ನಿಮ್ಮ ಬೇಸ್ ತಿರುವಿಗೆ ಬರೋಣ. ಎಡ ಸರ್ಕ್ಯೂಟ್‌ನಲ್ಲಿ 172 ಎಡಕ್ಕೆ ವಾಲಿದ ಕೂಡಲೇ ಎಡರೆಕ್ಕೆ ಕೆಳಗೆ ಬಂದು, ನೀವು ಹೋಗಬೇಕಾದ ಕಡೆಯನ್ನೇ ಮುಚ್ಚಿಬಿಡುತ್ತದೆ. ಆದ್ದರಿಂದ ನೋಡುವ ಕೆಲಸ ತಿರುಗುವ ಮುಂಚೆ ಮುಗಿಯಬೇಕು. ಡೌನ್‌ವಿಂಡ್‌ನಲ್ಲಿ ಮಟ್ಟವಾಗಿ ಹಾರುತ್ತಿರುವಾಗಲೇ ಎಡರೆಕ್ಕೆಯನ್ನು ಒಂದು ಕ್ಷಣ ಮೇಲೆತ್ತಿ, ರನ್‌ವೇ ತುದಿಯಿಂದ ಶುರುಮಾಡಿ ಫೈನಲ್ ಗೆರೆಯ ಉದ್ದಕ್ಕೂ ಹೊರಗೆ, ಮುಂದೆ ಎಡಕ್ಕೆ, ತುಂಡು ತುಂಡಾಗಿ ನೋಡುತ್ತಾ ಹೋಗಿ. ಆಮೇಲೆ ತಿರುಗಿ. ಬೇಸ್‌ನಲ್ಲಿ ವಿದ್ಯಾರ್ಥಿಗಳ ಕಣ್ಣು ಯಾವಾಗಲೂ ಎಡಕ್ಕೆ, ರನ್‌ವೇ ಮೇಲೆ ಅಂಟಿರುತ್ತದೆ, ಎತ್ತರ ಸರಿ ಇದೆಯಾ ಅಂತ. ಆದರೆ ನೇರ ಫೈನಲ್‌ಗೆ ಬರುವವರು ಆಗ ನಿಮ್ಮ ಬಲಗಡೆಯಿಂದ ಬರುತ್ತಿರುತ್ತಾರೆ. ಬಲಕ್ಕೆ ನೋಡಿ. ನಂತರ ನೇರ ಎದುರಿಗೂ ನೋಡಿ, ಯಾರಾದರೂ ಬಲ ಸರ್ಕ್ಯೂಟ್ ಹಾರಿ ಎದುರು ಬೇಸ್‌ನಲ್ಲಿ ಬರುತ್ತಿರಬಹುದು. ಆಮೇಲೆ ಫೈನಲ್‌ಗೆ ತಿರುಗಿ.

ವೇಗದ ವಿಷಯ ಇನ್ನೂ ಗಂಭೀರ. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ನಿಮ್ಮದೇ ಥರದ ಪರಿಸ್ಥಿತಿ ಇತ್ತು. ಸೆಸ್ನಾ 152 ಸರ್ಕ್ಯೂಟ್‌ನಲ್ಲಿ, ಎರಡು ಎಂಜಿನ್‌ನ ಸೆಸ್ನಾ 340 ನೇರ ಫೈನಲ್‌ಗೆ. ಇಬ್ಬರೂ ರೇಡಿಯೊದಲ್ಲಿ ಮಾತಾಡುತ್ತಿದ್ದರು, ಹಗಲು, ಒಳ್ಳೆಯ ಬೆಳಕು. 340 ಸುಮಾರು 180 ನಾಟ್‌ನಲ್ಲಿ ಬರುತ್ತಿತ್ತು, ಇಳಿಯಲು ಬೇಕಾದದ್ದಕ್ಕಿಂತ ತುಂಬಾ ಜಾಸ್ತಿ. 152ರ ಪೈಲಟ್, ನೀವು ತುಂಬಾ ವೇಗವಾಗಿ ಬರುತ್ತಿದ್ದೀರಿ, ನಾನು ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡುತ್ತೇನೆ ಅಂತ ಹೇಳಿದ ಸ್ವಲ್ಪ ಹೊತ್ತಿಗೇ ಡಿಕ್ಕಿಯಾಯಿತು. ಮೂವರು ಸತ್ತರು. ಇದರಲ್ಲಿ ಸಮಯದ ಲೆಕ್ಕ ನೋಡಿ. "ಮೂರು ಮೈಲಿ ಫೈನಲ್" ಅಂತ ಕೇಳಿದರೆ ಸಣ್ಣ ವಿಮಾನ ಹಾರಿಸುವವರ ಮನಸ್ಸಿಗೆ ಎರಡು ನಿಮಿಷ ಇದೆ ಅನಿಸುತ್ತದೆ, ಯಾಕೆ ಅಂದರೆ ನಾವು 90 ನಾಟ್ ಲೆಕ್ಕದಲ್ಲಿ ಯೋಚಿಸುತ್ತೇವೆ. 120 ನಾಟ್‌ನವರಿಗೆ ಅದು ಒಂದೂವರೆ ನಿಮಿಷ. 180ರವರಿಗೆ ಒಂದೇ ನಿಮಿಷ. ಮೈಲಿ ಕೇಳಿದ ಕೂಡಲೇ ಯಾವ ವಿಮಾನ ಅಂತಲೂ ಯೋಚಿಸಿ. ಮುಂದೆ ಯಾವತ್ತಾದರೂ ನೀವೇ ಆ ವೇಗದ ವಿಮಾನ ಹಾರಿಸುವಾಗ, ದಯವಿಟ್ಟು, ಏರ್‌ಪೋರ್ಟ್ ಹತ್ತಿರ ಬರುವ ಮುಂಚೆಯೇ ವೇಗ ಇಳಿಸಿ. ಸರ್ಕ್ಯೂಟ್‌ನಲ್ಲಿ ಜನ ಇದ್ದರೆ ನೇರ ಬರುವುದನ್ನು ಬಿಟ್ಟು ಅವರ ಹಿಂದೆ ಸೇರಿಕೊಳ್ಳಿ. ನೇರ ಬಂದು ಉಳಿಸುವುದು ಎರಡು ಮೂರು ನಿಮಿಷ ಮಾತ್ರ.

ಟ್ಯಾಬ್ಲೆಟ್ ನಂಬಬಹುದಾ ಅಂತ ಕೇಳಿದಿರಿ. ಅದು ತೋರಿಸಿದ್ದನ್ನು ನಂಬಿ, ತೋರಿಸದೆ ಇರುವುದನ್ನು ನಂಬಬೇಡಿ. 2020ರ ಜನವರಿ 1ರಿಂದ ಅಮೆರಿಕದಲ್ಲಿ ಎಡಿಎಸ್-ಬಿ ಔಟ್ (ವಿಮಾನ ತಾನಿರುವ ಜಾಗವನ್ನು ತಾನೇ ಪ್ರಸಾರ ಮಾಡುವ ಸಾಧನ, ಟ್ಯಾಬ್ಲೆಟ್ ತೋರಿಸುವುದು ಇದನ್ನೇ) ಕಡ್ಡಾಯವಾಗಿದೆ, ಆದರೆ ಎಲ್ಲ ಕಡೆ ಅಲ್ಲ, ದೊಡ್ಡ ಏರ್‌ಪೋರ್ಟ್‌ಗಳ ಸುತ್ತ ಮತ್ತು ಎತ್ತರದಲ್ಲಿ. ಚಿಕ್ಕ ಏರ್‌ಪೋರ್ಟ್‌ಗಳ ಹತ್ತಿರ ಅದಿಲ್ಲದ ವಿಮಾನ ಕಾನೂನುಬದ್ಧವಾಗಿಯೇ ಹಾರಬಹುದು. ಮೇಲಾಗಿ ಈ ಪ್ರಸಾರಕ್ಕೆ ಎರಡು ಆವರ್ತನ ಇದೆ, 978 ಮತ್ತು 1090 ಮೆಗಾಹರ್ಟ್ಸ್. ನಿಮ್ಮ ರಿಸೀವರ್ ಒಂದನ್ನೇ ಹಿಡಿಯುವಂಥದ್ದಾದರೆ, ಇನ್ನೊಂದರಲ್ಲಿರುವವರು ಕಾಣಲು ನೆಲದ ಸ್ಟೇಷನ್ ಮರುಪ್ರಸಾರ ಮಾಡಬೇಕು. ಕೆಳಗೆ ಸರ್ಕ್ಯೂಟ್ ಎತ್ತರದಲ್ಲಿ, ಬೆಟ್ಟದ ಮರೆಯಲ್ಲಿ, ಆ ಸ್ಟೇಷನ್ ಸಿಗದೇ ಇರಬಹುದು. ತೋರಿಸುವುದರಲ್ಲೂ ಸ್ವಲ್ಪ ತಡ ಇರುತ್ತದೆ. ಹಾಗಂತ ಬಿಸಾಡಬೇಡಿ. ನಾನು ಯಾವಾಗಲೂ ಹತ್ತಿರ ಇಟ್ಟುಕೊಳ್ಳುತ್ತೇನೆ, ಯಾಕೆ ಅಂದರೆ ಆ ಎಂಟು ಪಟ್ಟು ಕೊಡುವುದು ಇಂಥ ಸಾಧನವೇ. 10 ಮೈಲಿ ದೂರದಿಂದ ಬರುವಾಗ ಯಾರ್ಯಾರು ಎಲ್ಲಿದ್ದಾರೆ ಅಂತ ಒಂದು ಚಿತ್ರ ಮಾಡಿಕೊಳ್ಳಲು ಬಳಸಿ. ಸರ್ಕ್ಯೂಟ್ ಒಳಗೆ ಬಂದಮೇಲೆ ಒಂದು ಕ್ಷಣ ಕಣ್ಣಾಡಿಸಿ, ದಿಕ್ಕು ತಿಳಿದುಕೊಂಡು, ತಲೆ ಎತ್ತಿ ಅದೇ ದಿಕ್ಕಿನಲ್ಲಿ ಗಾಜಿನ ಆಚೆ ಹುಡುಕಿ. ಟ್ಯಾಬ್ಲೆಟ್‌ನಲ್ಲಿ ಕಂಡವರನ್ನು ಟ್ಯಾಬ್ಲೆಟ್‌ನಲ್ಲೇ ತಪ್ಪಿಸಲು ಹೋಗಬೇಡಿ.

ದೀಪದ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಏರ್‌ಪೋರ್ಟಿನ 10 ಮೈಲಿ ಒಳಗೆ ಲ್ಯಾಂಡಿಂಗ್ ಲೈಟ್ ಹಗಲಲ್ಲೂ ಉರಿಯುತ್ತಿರಲಿ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ, ವಿಮಾನ ಕಂಡರೆ ಕೈ ತೋರಿಸಿ ಅಂತ ಮೊದಲೇ ಹೇಳಿಡಿ.

ಇನ್ನೊಮ್ಮೆ ಹೀಗಾದರೆ? ನೀವು ಡೌನ್‌ವಿಂಡ್‌ನಲ್ಲಿದ್ದೀರಿ, ಯಾರೋ ನೇರ ಫೈನಲ್ ಅಂದರು. ಅವರನ್ನು ಕಣ್ಣಾರೆ ಕಾಣುವವರೆಗೆ ಬೇಸ್‌ಗೆ ತಿರುಗಬೇಡಿ. ಡೌನ್‌ವಿಂಡ್ ಉದ್ದ ಮಾಡಿ, "ಡೌನ್‌ವಿಂಡ್ ಮುಂದುವರಿಸುತ್ತಿದ್ದೇನೆ, ನಿಮ್ಮನ್ನು ಹುಡುಕುತ್ತಿದ್ದೇನೆ" ಅಂತ ಹೇಳಿ. ಇಳಿಯಲೂ ಶುರುಮಾಡಬೇಡಿ, ಎತ್ತರ ಹಾಗೇ ಇರಲಿ. ಅವರು ನಿಮ್ಮ ಎಡರೆಕ್ಕೆಯ ನೇರಕ್ಕೆ ಬಂದು ಹಿಂದೆ ಹೋದಮೇಲೆ ತಿರುಗಿ, ಅವರ ಹಿಂದೆ ಬನ್ನಿ. ತುಂಬಾ ದೂರ ಹೋದಿರಿ, ಆದರೂ ಕಾಣಲಿಲ್ಲ ಅಂದರೆ ಮಟ್ಟವಾಗಿಯೇ ಸರ್ಕ್ಯೂಟಿನ ಹೊರಗಡೆಗೆ ಬಿಟ್ಟು ಹೋಗಿ, ಮತ್ತೆ 45ರಿಂದ ಬನ್ನಿ. ಸರ್ಕ್ಯೂಟ್ ಒಳಗೇ 360 ಡಿಗ್ರಿ ಸುತ್ತು ಹಾಕಬೇಡಿ, ಹಿಂದೆ ಬರುತ್ತಿರುವವರ ಮೂಗಿಗೇ ತಿರುಗಿದಂತಾಗುತ್ತದೆ. ಆಗಲೇ ಬೇಸ್‌ನಲ್ಲಿದ್ದು ಬಲಗಡೆ ದೀಪ ಕಂಡರೆ ಫೈನಲ್ ಗೆರೆ ದಾಟಬೇಡಿ. ಅದು ಗಾಜಿನ ಮೇಲೆ ಸರಿಯುತ್ತಿದೆಯಾ ನಿಂತಿದೆಯಾ ನೋಡಿ. ನಿಂತಿದ್ದರೆ ಅವರನ್ನು ಕಣ್ಣಲ್ಲಿ ಇಟ್ಟುಕೊಂಡೇ ಗೆರೆಯಿಂದ ದೂರ ತಿರುಗಿ, ಮೊದಲು ವಿಮಾನ ಹಾರಿಸಿ, ವೇಗ ಕಾಯ್ದುಕೊಳ್ಳಿ, ಮಾತು ಆಮೇಲೆ. ಫೈನಲ್‌ನಲ್ಲಿ ನಿಮ್ಮ ಕೆಳಗೋ ಮೇಲೋ ಯಾರೋ ಇದ್ದಾರೆ ಅನ್ನುವ ಅನುಮಾನ ಬಂದರೂ ನೇರವಾಗಿ ಮೇಲೇರಬೇಡಿ, ಪಕ್ಕಕ್ಕೆ ಸರಿದು, ರನ್‌ವೇ ಕಾಣುವ ಹಾಗೆ ಅದಕ್ಕೆ ಸಮಾನಾಂತರವಾಗಿ ಗೋ-ಅರೌಂಡ್ ಮಾಡಿ. ಇದನ್ನೆಲ್ಲ ಒಬ್ಬರೇ ಇರುವಾಗ ಮೊದಲ ಸಲ ಮಾಡುವುದು ಬೇಡ, ಮುಂದಿನ ಪಾಠದಲ್ಲಿ ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಬೇಕಂತಲೇ ಅಭ್ಯಾಸ ಮಾಡಿ. ಉದ್ದದ ಡೌನ್‌ವಿಂಡ್‌ನಿಂದ ಎತ್ತರ ಹೊಂದಿಸಿ ಇಳಿಯುವುದೂ ಒಂದು ಬೇರೆಯೇ ಕೌಶಲ.

ಮೊನ್ನೆ ಆದದ್ದನ್ನು ಸುಮ್ನೆ ಬಿಡಬೇಡಿ. ಆ ಇನ್ನೊಬ್ಬ ಪೈಲಟ್ ನಿಮ್ಮ ಏರ್‌ಪೋರ್ಟಿಗೆ ಬರುವವರೇ ಆಗಿದ್ದರೆ ಹೋಗಿ ಮಾತಾಡಿ, ಜಗಳಕ್ಕಲ್ಲ, ಅವರಿಗೆ ನೀವು ಕಂಡಿದ್ದಿರಾ ಅಂತ ಕೇಳಲು. ಅಂತರ 500 ಅಡಿಗಿಂತ ಕಡಿಮೆ ಇತ್ತು ಅನಿಸಿದರೆ ಎಫ್‌ಎಎ ಅದನ್ನು ಗಾಳಿಯಲ್ಲಿ ತಪ್ಪಿದ ಡಿಕ್ಕಿ ಅಂತ ಪರಿಗಣಿಸುತ್ತದೆ, ವರದಿ ಮಾಡಬಹುದು. ಜೊತೆಗೆ ನಾಸಾ 1976ರಿಂದ ನಡೆಸುತ್ತಿರುವ ಎಎಸ್‌ಆರ್‌ಎಸ್ ಅನ್ನುವ ಗೌಪ್ಯ ವರದಿ ವ್ಯವಸ್ಥೆ ಇದೆ. ವಿದ್ಯಾರ್ಥಿಗಳೂ ಬರೆಯಬಹುದು, ಹೆಸರು ಹೊರಗೆ ಬರುವುದಿಲ್ಲ. 10 ದಿನದ ಒಳಗೆ ಕಳಿಸಿ.